ರಾತ್ರಿ ಪಾಳಿಯಲ್ಲಿ ಹೈ ರಿಸ್ಕ್ ಔಷಧಿ: ಎರಡನೇ ಸಹಿ ಯಾರದು?

ಪ್ರಶ್ನೆ: ನಾನು ಬೆಂಗಳೂರಿನ ಒಂದು ಮಧ್ಯಮ ಗಾತ್ರದ ಖಾಸಗಿ ಆಸ್ಪತ್ರೆಯ ಮೆಡಿಕಲ್ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ಮಂಡಳಿ) ಪರಿಶೀಲನೆ ಹತ್ತಿರ ಬಂದಿರುವುದರಿಂದ ಹೈ ರಿಸ್ಕ್ ಔಷಧಿಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿ, ವಯಲ್‌ಗಳಿಗೆ ಕೆಂಪು ಸ್ಟಿಕರ್ ಹಚ್ಚಿ, ಡ್ರಗ್ ಚಾರ್ಟಿನಲ್ಲಿ ಇಬ್ಬರ ಸಹಿಗೆ ಜಾಗ ಮಾಡಿದ್ದಾರೆ. ಆದರೆ ರಾತ್ರಿ ಇಡೀ ವಾರ್ಡಿಗೆ ನಾವು ಇಬ್ಬರೇ. ಒಬ್ಬರು ಹೊಸ ಅಡ್ಮಿಷನ್ ನೋಡುತ್ತಿದ್ದರೆ ಇನ್ನೊಬ್ಬರು ಔಷಧಿ ಕೊಟ್ಟು, ಎರಡನೇ ಸಹಿಯನ್ನು ಬೆಳಗ್ಗೆ ಹ್ಯಾಂಡ್‌ಓವರ್‌ಗೆ ಮುಂಚೆ ಹಾಕಿಸಿಕೊಳ್ಳುವುದು ರೂಢಿಯಾಗಿದೆ. ಫೋನಿನಲ್ಲಿ ಬರುವ ಆರ್ಡರ್‌ಗಳೂ ಇವೆ. ಈ ಪರಿಸ್ಥಿತಿಯಲ್ಲಿ ಇಂಥ ಔಷಧಿಗಳನ್ನು ನಿಜವಾಗಿ ಸುರಕ್ಷಿತವಾಗಿ ಕೊಡುವುದು ಹೇಗೆ? ಹೆಚ್ಚುಕಮ್ಮಿಯಾದರೆ ಹೊಣೆ ಯಾರದು?

ಉತ್ತರ: ಎಲ್ಲಕ್ಕಿಂತ ಮೊದಲು ನಿಲ್ಲಬೇಕಾದದ್ದು ಆ ಬೆಳಗಿನ ಸಹಿ. ಔಷಧಿ ರೋಗಿಯ ಮೈಗೆ ಸೇರಿ ಐದಾರು ಗಂಟೆಯಾದ ಮೇಲೆ ಬೀಳುವ ಸಹಿ ಯಾರನ್ನೂ ಕಾಪಾಡುವುದಿಲ್ಲ. ಅಷ್ಟೇ ಅಲ್ಲ, ಪರಿಶೀಲನೆ ನಡೆದಿದೆ ಎಂಬ ಸುಳ್ಳು ದಾಖಲೆಯನ್ನು ಅದು ಹುಟ್ಟುಹಾಕುತ್ತದೆ. ರಾತ್ರಿ ಪಾಳಿಯಲ್ಲಿ ಡಬಲ್ ಚೆಕ್‌ಗೆ, ಅಂದರೆ ಕೊಡುವ ಮುಂಚೆ ಇಬ್ಬರು ಪರಿಶೀಲಿಸುವುದಕ್ಕೆ, ಜನರಿಲ್ಲ ಎಂಬ ವಾಸ್ತವ ನಿಮ್ಮ ನರ್ಸಿಂಗ್ ಸೂಪರಿಂಟೆಂಡೆಂಟ್ ಅವರ ಕಣ್ಣಿಗೆ ಬೀಳದಂತೆ ಮುಚ್ಚಿಡುವುದೂ ಅದೇ ಸಹಿ. ಚಾರ್ಟು ತುಂಬಿದ್ದರೆ ಎಲ್ಲವೂ ಸರಿಯಿದೆ ಎಂದೇ ಮೇಲಿನವರು ತಿಳಿಯುತ್ತಾರೆ. ಹಾಗೆ ತಿಳಿದವರಿಗೆ ಇನ್ನೊಬ್ಬರನ್ನು ಪಾಳಿಗೆ ಹಾಕಬೇಕೆಂದು ತೋರುವುದಾದರೂ ಹೇಗೆ?

ಇನ್ನು, ಗೋಡೆಯ ಮೇಲಿನ ಆ ಪಟ್ಟಿಯ ಅರ್ಥವೇನು ಎಂಬುದನ್ನು ಸ್ಪಷ್ಟ ಮಾಡಿಕೊಳ್ಳೋಣ. ಹೈ ರಿಸ್ಕ್ ಔಷಧಿ ಎಂದರೆ ಹೆಚ್ಚು ಬಾರಿ ತಪ್ಪಾಗುವ ಔಷಧಿ ಎಂದಲ್ಲ. ಪ್ಯಾರಾಸಿಟಮಾಲ್ ಕೊಡುವಾಗಲೂ ಇನ್ಸುಲಿನ್ ಕೊಡುವಾಗಲೂ ಕೈ ತಪ್ಪುವ ಸಾಧ್ಯತೆ ಹೆಚ್ಚುಕಡಿಮೆ ಒಂದೇ ಇರಬಹುದು. ಆದರೆ ಎರಡನೆಯದರಲ್ಲಿ ತಪ್ಪಿದರೆ ರೋಗಿ ತೆರುವ ಬೆಲೆ ಬಹಳ ದೊಡ್ಡದು, ಮತ್ತು ಅದನ್ನು ಸರಿಪಡಿಸಲು ಸಿಗುವ ಸಮಯ ಬಹಳ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಔಷಧಿಗಳಿಂದಾಗುವ ತಪ್ಪಿಸಬಹುದಾದ ಗಂಭೀರ ಹಾನಿಯನ್ನು ಐದು ವರ್ಷಗಳಲ್ಲಿ ಅರ್ಧಕ್ಕೆ ಇಳಿಸಬೇಕೆಂಬ ಗುರಿಯಿಟ್ಟು ಜಾಗತಿಕ ಅಭಿಯಾನ ಆರಂಭಿಸಿದಾಗ ಮುಖ್ಯವಾಗಿ ಎತ್ತಿ ಹೇಳಿದ ಗುಂಪುಗಳು ಪೊಟ್ಯಾಸಿಯಂ ಮತ್ತಿತರ ಲವಣಗಳು, ಇನ್ಸುಲಿನ್, ಮಾರ್ಫಿನ್‌ನಂಥ ನೋವು ನಿವಾರಕಗಳು, ಕ್ಯಾನ್ಸರ್ ಔಷಧಿಗಳು, ಹೆಪಾರಿನ್‌ನಂಥ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿಗಳು ಮತ್ತು ಕೆಲವು ಆಂಟಿಬಯೋಟಿಕ್‌ಗಳು. ನಿಮ್ಮ ಪಟ್ಟಿಯಲ್ಲಿ ನಲವತ್ತು ಹೆಸರುಗಳಿದ್ದರೆ ಆ ಪಟ್ಟಿ ಪರಿಶೀಲನೆಗೆ ಬರುವವರಿಗಾಗಿ ಬರೆದದ್ದು. ವಾರ್ಡಿಗೆ ಬೇಕಾದದ್ದು ಅಲ್ಲಿ ದಿನವೂ ಬಳಕೆಯಾಗುವ ಆರೇಳು ಔಷಧಿಗಳ ಪಟ್ಟಿ, ಮತ್ತು ಒಂದೊಂದೂ ಎಲ್ಲಿ ಕೈ ತಪ್ಪುತ್ತದೆ ಎಂಬ ತಿಳಿವಳಿಕೆ.

ಡಬಲ್ ಚೆಕ್ ಹೆಚ್ಚಿನ ವಾರ್ಡುಗಳಲ್ಲಿ ನಡೆಯುವ ರೀತಿ ನಿಮಗೂ ಗೊತ್ತಿರುತ್ತದೆ. ಸಿರಿಂಜ್ ಎತ್ತಿ ಹಿಡಿದು, “ಹತ್ತು ಯೂನಿಟ್ ತಗೊಂಡಿದ್ದೀನಿ, ನೋಡಿ ಸಿಸ್ಟರ್” ಎನ್ನುತ್ತಾರೆ. ಎದುರಿನವರು ನೋಡಿ, “ಹೂಂ, ಸರಿ ಇದೆ” ಎನ್ನುತ್ತಾರೆ. ಹತ್ತು ಎಂದು ಕಿವಿಗೆ ಬಿದ್ದ ಮೇಲೆ ಕಣ್ಣು ಹತ್ತನ್ನೇ ಹುಡುಕುತ್ತದೆ. ಆರ್ಡರ್ ಓದುವಾಗಲೇ ತಪ್ಪಾಗಿದ್ದರೆ ಇಬ್ಬರೂ ಸೇರಿ ಅದೇ ತಪ್ಪನ್ನು ಸರಿಯೆಂದು ಒಪ್ಪಿಕೊಂಡಂತಾಗುತ್ತದೆ. ಡಬಲ್ ಚೆಕ್‌ಗೆ ಬೆಲೆ ಬರುವುದು ಎರಡನೆಯವರು ಮೊದಲನೆಯವರ ಉತ್ತರವನ್ನು ಕೇಳದೆ ಕೆಲಸ ಮಾಡಿದಾಗ ಮಾತ್ರ. ಅವರು ಡ್ರಗ್ ಚಾರ್ಟನ್ನು ತಾವೇ ತೆರೆದು ಆರ್ಡರ್ ಓದಬೇಕು, ವಯಲ್ ಮೇಲಿನ ಹೆಸರು ಮತ್ತು ಒಂದು ಮಿಲಿಯಲ್ಲಿರುವ ಪ್ರಮಾಣವನ್ನು ತಾವೇ ನೋಡಬೇಕು, ಎಷ್ಟು ಮಿಲಿ ಎಂದು ತಾವೇ ಲೆಕ್ಕ ಹಾಕಿ ಬರೆಯಬೇಕು. ಆಮೇಲೆ ಎರಡೂ ಲೆಕ್ಕಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಬೇಕು. ಖಾಲಿ ವಯಲ್ ಸಿರಿಂಜಿನ ಪಕ್ಕದಲ್ಲೇ ಇರಬೇಕು, ಕಸದ ಡಬ್ಬಿಯಲ್ಲಲ್ಲ. ಇಷ್ಟಕ್ಕೆ ಹಿಡಿಯುವುದು ಎರಡು ಮೂರು ನಿಮಿಷ.

ಆ ನಿಮಿಷಗಳು ಏನನ್ನು ತಡೆಯುತ್ತವೆ ಎಂಬುದಕ್ಕೆ ಇನ್ಸುಲಿನ್ ಒಂದನ್ನೇ ನೋಡಿ. ನಮ್ಮ ದೇಶದಲ್ಲಿ ಇನ್ಸುಲಿನ್ ವಯಲ್‌ಗಳು ಎರಡು ಶಕ್ತಿಯಲ್ಲಿ ಬರುತ್ತವೆ: ಒಂದು ಮಿಲಿಗೆ 40 ಯೂನಿಟ್ ಇರುವುದು, ಒಂದು ಮಿಲಿಗೆ 100 ಯೂನಿಟ್ ಇರುವುದು. ಸಿರಿಂಜ್‌ಗಳೂ ಹಾಗೆಯೇ ಎರಡು ಬಗೆ. ಕೆಂಪು ಮುಚ್ಚಳದ್ದು 40ರ ವಯಲ್‌ಗೆ, ಕಿತ್ತಳೆ ಮುಚ್ಚಳದ್ದು 100ರ ವಯಲ್‌ಗೆ. ಕೆಂಪು ಮುಚ್ಚಳದ ಸಿರಿಂಜಿನಲ್ಲಿ 100ರ ವಯಲ್‌ನಿಂದ 20ರ ಗೆರೆಯವರೆಗೆ ಎಳೆದರೆ ರೋಗಿಗೆ ಹೋಗುವುದು 20 ಯೂನಿಟ್ ಅಲ್ಲ, 50. ಆ ಹೊತ್ತಿಗೆ ಮುಚ್ಚಳ ಟ್ರೇಯಲ್ಲಿ ಎಲ್ಲೋ ಬಿದ್ದಿರುತ್ತದೆ, ಗೆರೆ ಮಾತ್ರ 20 ಎಂದೇ ತೋರಿಸುತ್ತಿರುತ್ತದೆ. ಸಿರಿಂಜ್ ಪಂಪಿಗೆ ಇನ್ಸುಲಿನ್ ತಯಾರಿಸುವಾಗಲೂ ಇದೇ ಬಲೆ. 50 ಮಿಲಿಗೆ 50 ಯೂನಿಟ್ ಬೇಕೆಂದರೆ 40ರ ವಯಲ್‌ನಿಂದ 1.25 ಮಿಲಿ, 100ರ ವಯಲ್‌ನಿಂದ 0.5 ಮಿಲಿ ತೆಗೆಯಬೇಕು. ಕೈಗೆ 1.25 ಅಭ್ಯಾಸವಾಗಿರುವವರಿಗೆ ಅಂದು ಫಾರ್ಮಸಿಯಿಂದ ಬಂದಿರುವುದು 100ರ ವಯಲ್ ಎಂದು ತಿಳಿಯದಿದ್ದರೆ ಪಂಪಿನೊಳಗೆ 125 ಯೂನಿಟ್ ಕೂತಿರುತ್ತದೆ. ಇನ್ಸುಲಿನ್ ಪೆನ್ನಿನ ಕಾರ್ಟ್ರಿಜ್‌ನಿಂದ ಸಿರಿಂಜ್ ಚುಚ್ಚಿ ಎಳೆಯುವ ಅಭ್ಯಾಸ ಎಲ್ಲಾದರೂ ಇದ್ದರೆ ಅದನ್ನು ಇಂದೇ ಬಿಡಬೇಕು. ಯೂನಿಟ್ ಎಂಬುದನ್ನು ಇಂಗ್ಲಿಷಿನ ಯು ಅಕ್ಷರವೊಂದರಿಂದಲೇ ಬರೆದಿರುವ ಆರ್ಡರನ್ನು ಪೂರ್ಣ ಪದದಲ್ಲಿ ಬರೆದುಕೊಡುವಂತೆ ಡ್ಯೂಟಿ ಡಾಕ್ಟರ್‌ಗೆ ಹೇಳಲು ಸಂಕೋಚಪಡಬೇಡಿ. ಅವಸರದ ಕೈಬರಹದಲ್ಲಿ ಆ ಅಕ್ಷರ ಸೊನ್ನೆಯಂತೆ ಕಂಡು 10 ಎಂಬುದು 100 ಆಗುತ್ತದೆ.

ಪೊಟ್ಯಾಸಿಯಂ ಕ್ಲೋರೈಡ್ ವಿಚಾರದಲ್ಲಿ ನನ್ನ ಅಭಿಪ್ರಾಯ ಕಟುವಾಗಿಯೇ ಇದೆ: ಸಾಮಾನ್ಯ ವಾರ್ಡಿನ ಕಪಾಟಿನಲ್ಲಿ ಅದರ ಆಂಪ್ಯೂಲ್ ಇರಲೇಬಾರದು. 10 ಮಿಲಿಯ ಒಂದು ಆಂಪ್ಯೂಲಿನಲ್ಲಿ 20 ಮಿಲಿ ಈಕ್ವಿವಲೆಂಟ್ (ಲವಣಗಳ ಪ್ರಮಾಣ ಹೇಳುವ ಅಳತೆ, ಮಿಲಿಲೀಟರ್ ಅಲ್ಲ) ಪೊಟ್ಯಾಸಿಯಂ ಇರುತ್ತದೆ. ಅದನ್ನು ನೇರವಾಗಿ ರಕ್ತನಾಳಕ್ಕೆ ತಳ್ಳಿದರೆ ಹೃದಯ ನಿಲ್ಲಬಹುದು. ನೋಡಲು ಅದು ಡಿಸ್ಟಿಲ್ಡ್ ವಾಟರ್‌ನ ಆಂಪ್ಯೂಲಿನಂತೆಯೇ ಬಣ್ಣವಿಲ್ಲದ ದ್ರವ. ಅಮೆರಿಕದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ ಎಂಬ ಸಂಸ್ಥೆ 1998ರಲ್ಲಿ ಹೊರಡಿಸಿದ ಮೊತ್ತಮೊದಲ ಎಚ್ಚರಿಕೆ ಪತ್ರವೇ ಈ ಔಷಧಿಯ ಕುರಿತಾಗಿತ್ತು, ಮತ್ತು ಅದು ಸೂಚಿಸಿದ ಪರಿಹಾರವೂ ವಾರ್ಡಿನಿಂದ ಅದನ್ನು ತೆಗೆದುಹಾಕುವುದೇ ಆಗಿತ್ತು.

ಡ್ರಿಪ್‌ಗೆ ಸೇರಿಸಿ ಕೊಡುವಾಗಲೂ ಒಂದು ಅಪಾಯವಿದೆ, ಅದನ್ನು ಕಲಿಸಿಕೊಡುವವರು ಕಡಿಮೆ. ಈಗಾಗಲೇ ಸ್ಟ್ಯಾಂಡಿಗೆ ತೂಗುಹಾಕಿರುವ ಬಾಟಲಿಗೆ ಪೊಟ್ಯಾಸಿಯಂ ಚುಚ್ಚಿದರೆ ಅದು ಸಲೈನ್‌ಗಿಂತ ಭಾರವಾದ್ದರಿಂದ ತಳದಲ್ಲಿ, ಅಂದರೆ ಸೆಟ್ ಚುಚ್ಚಿರುವ ಬಾಯಿಯ ಹತ್ತಿರವೇ ಗುಂಪಾಗಿ ನಿಲ್ಲುತ್ತದೆ. ಆಗ ರೋಗಿಗೆ ಮೊದಲು ಹರಿಯುವುದು ತೆಳುವಾದ ಮಿಶ್ರಣವಲ್ಲ, ಹೆಚ್ಚು ಕಡಿಮೆ ಶುದ್ಧ ಪೊಟ್ಯಾಸಿಯಂ. ಆದ್ದರಿಂದ ಡ್ರಿಪ್ ನಿಲ್ಲಿಸಿ, ಬಾಟಲಿಯನ್ನು ಕೆಳಗಿಳಿಸಿ, ಔಷಧಿ ಸೇರಿಸಿ, ಕನಿಷ್ಠ ಹತ್ತು ಬಾರಿ ತಲೆಕೆಳಗು ಮಾಡಿ ಬೆರೆಸಿ, ಔಷಧಿಯ ಹೆಸರು, ಪ್ರಮಾಣ, ಸಮಯ ಬರೆದ ಲೇಬಲ್ ಅಂಟಿಸಿದ ನಂತರವೇ ಮತ್ತೆ ತೂಗುಹಾಕಬೇಕು. ವಾರ್ಡಿನಲ್ಲಿ ಕೈಯ ರಕ್ತನಾಳದಿಂದ ಕೊಡುವಾಗ ಸಾಮಾನ್ಯವಾಗಿ ಗಂಟೆಗೆ 10 ಮಿಲಿ ಈಕ್ವಿವಲೆಂಟ್ ದಾಟುವುದಿಲ್ಲ. ಎಂದರೆ 500 ಮಿಲಿಗೆ ಒಂದು ಆಂಪ್ಯೂಲ್ ಸೇರಿಸಿದ್ದರೆ ಅದು ಕನಿಷ್ಠ ಎರಡು ಗಂಟೆ ಹರಿಯಬೇಕು. ಅದಕ್ಕಿಂತ ವೇಗ ಬೇಕೆಂದರೆ ಆ ರೋಗಿ ಇರಬೇಕಾದದ್ದು ಮಾನಿಟರ್ ಇರುವ ಕಡೆ. ಮೂತ್ರ ಎಷ್ಟು ಹೋಗುತ್ತಿದೆ ಎಂದು ನೋಡದೆ ಪೊಟ್ಯಾಸಿಯಂ ಶುರು ಮಾಡಬೇಡಿ.

ಹೆಪಾರಿನ್‌ನಲ್ಲಿ ಕಣ್ಣಿಗೆ ಮೋಸವಾಗುವುದು ವಯಲ್ ಗಾತ್ರದಿಂದ. 5 ಮಿಲಿಯ ವಯಲ್‌ನಲ್ಲಿ ಒಟ್ಟು 5,000 ಯೂನಿಟ್ ಇರುವುದೂ ಸಿಗುತ್ತದೆ, 25,000 ಯೂನಿಟ್ ಇರುವುದೂ ಸಿಗುತ್ತದೆ. ಇಡೀ ವಯಲ್ ಎಳೆದು ಕೊಟ್ಟು ಅಭ್ಯಾಸವಾದವರ ಕೈಗೆ ಎರಡನೆಯದು ಬಂದರೆ ಐದು ಪಟ್ಟು ಹೋಗುತ್ತದೆ. ಒಂದು ಡೋಸ್‌ಗೆ ಎರಡು ಮೂರಕ್ಕಿಂತ ಹೆಚ್ಚು ಆಂಪ್ಯೂಲ್ ಒಡೆಯಬೇಕಾಗಿ ಬಂದರೆ ನಿಂತು ಮತ್ತೆ ಲೆಕ್ಕ ನೋಡಬೇಕೆಂಬ ಒಳ್ಳೆಯ ನಿಯಮವೊಂದು ಪ್ರಚಲಿತದಲ್ಲಿದೆ. ಆದರೆ ಹೆಪಾರಿನ್‌ನಂಥ ಕಡೆ ಅದು ನೆರವಿಗೆ ಬರುವುದಿಲ್ಲ, ಏಕೆಂದರೆ ತಪ್ಪು ಡೋಸೂ ಒಂದೇ ವಯಲ್‌ನಲ್ಲಿ ಅಡಗಿರುತ್ತದೆ. ಗರ್ಭಿಣಿಯರಿಗೆ ಫಿಟ್ಸ್ ಬರದಂತೆ ಹೆರಿಗೆ ವಾರ್ಡಿನಲ್ಲಿ ಕೊಡುವ ಮೆಗ್ನೀಸಿಯಂ ಸಲ್ಫೇಟ್‌ನಲ್ಲಿ ಅದೇ ನಿಯಮ ತಿರುಗುಮುರುಗಾಗುತ್ತದೆ. ಅಲ್ಲಿ 14 ಗ್ರಾಂನ ಮೊದಲ ಡೋಸ್ ಕೊಡಬೇಕಾದಾಗ ಒಂದು ಗ್ರಾಂನ ಹದಿನಾಲ್ಕು ಆಂಪ್ಯೂಲ್ ಒಡೆಯುವುದೇ ಸರಿಯಾದ ಕ್ರಮ. ಹಾಗಾಗಿ ಅಂಥ ವಾರ್ಡುಗಳಲ್ಲಿ ಆಂಪ್ಯೂಲ್‌ಗಳನ್ನು ಎಣಿಸಿ, ಔಷಧಿ ಹೆಚ್ಚಾಗಿ ವಿಷವಾದರೆ ಕೊಡಬೇಕಾದ ಕ್ಯಾಲ್ಸಿಯಂ ಗ್ಲುಕೋನೇಟ್ ಸಮೇತ ಒಂದೇ ಟ್ರೇಯಲ್ಲಿ ಮೊದಲೇ ಜೋಡಿಸಿಡುವುದು ಮೇಲು. ಮುಂದಿನ ಡೋಸ್‌ಗೆ ಮುಂಚೆ ಮೊಣಕಾಲಿನ ರಿಫ್ಲೆಕ್ಸ್, ಉಸಿರಾಟದ ಸಂಖ್ಯೆ, ಮೂತ್ರದ ಪ್ರಮಾಣ ಈ ಮೂರನ್ನೂ ನೋಡಲೇಬೇಕು.

ಸ್ನಾಯುಗಳನ್ನು ಸಡಿಲಗೊಳಿಸಿ ಉಸಿರಾಟವನ್ನೇ ನಿಲ್ಲಿಸುವ ವೆಕ್ಯುರೋನಿಯಂ, ಅಟ್ರಾಕ್ಯೂರಿಯಂ, ಸಕ್ಸಿನೈಲ್ ಕೋಲಿನ್ ನಿಮ್ಮ ವಾರ್ಡಿನಲ್ಲಿ ಇರಲಾರವು, ಇರಲೂಬಾರದು. ಆದರೂ ಅಮೆರಿಕದ ಟೆನೆಸಿಯಲ್ಲಿ 2017ರಲ್ಲಿ ನಡೆದ ಒಂದು ಪ್ರಕರಣವನ್ನು ಪ್ರತಿಯೊಬ್ಬ ನರ್ಸ್ ತಿಳಿದಿರಬೇಕು. ಸ್ಕ್ಯಾನ್‌ಗೆ ಮುಂಚೆ ರೋಗಿಯ ಆತಂಕ ಇಳಿಸಲು ಮಿಡಾಜೋಲಂ ಕೊಡಬೇಕಿತ್ತು. ಔಷಧಿ ಕಪಾಟಿನ ಯಂತ್ರದಲ್ಲಿ ಅದರ ಬ್ರ್ಯಾಂಡ್ ಹೆಸರಿನ ಮೊದಲೆರಡು ಅಕ್ಷರ ಒತ್ತಿ, ತಡೆಯನ್ನು ಮೀರಿ ತೆಗೆದಾಗ ಕೈಗೆ ಬಂದದ್ದು ವೆಕ್ಯುರೋನಿಯಂ. ರೋಗಿ ಉಳಿಯಲಿಲ್ಲ. 2022ರಲ್ಲಿ ಆ ನರ್ಸ್‌ಗೆ ನ್ಯಾಯಾಲಯದಲ್ಲಿ ಅಪರಾಧ ಸಾಬೀತಾಗಿ ಮೂರು ವರ್ಷದ ಪ್ರೊಬೇಷನ್ ಶಿಕ್ಷೆಯಾಯಿತು. ಮಿಡಾಜೋಲಂ ದ್ರವರೂಪದಲ್ಲೇ ಬರುತ್ತದೆ, ವೆಕ್ಯುರೋನಿಯಂ ಪುಡಿ. ಆ ಪುಡಿಗೆ ನೀರು ಬೆರೆಸುತ್ತಿದ್ದ ಕ್ಷಣವೇ ನಿಲ್ಲಬೇಕಾಗಿದ್ದ ಕ್ಷಣ. ದಿನವೂ ಮಾಡುವ ಕೆಲಸದಲ್ಲಿ ಕೈ ಇದ್ದಕ್ಕಿದ್ದಂತೆ ಹೊಸದೇನನ್ನಾದರೂ ಮಾಡಬೇಕಾಗಿ ಬಂದರೆ, ಅಂದರೆ ವಯಲ್ ಮುಚ್ಚಳದ ಬಣ್ಣ ಬೇರೆ, ದ್ರವದ ಬದಲು ಪುಡಿ, ಎಂದಿನ ಬ್ರ್ಯಾಂಡ್ ಬದಲು ಬೇರೊಂದು ಕಂಡರೆ, ಅಲ್ಲಿಗೆ ನಿಲ್ಲಿಸಿ ಲೇಬಲ್ ಓದಿ. ರೋಗಿಯ ಕಡೆಯವರೇ ಚೀಟಿ ಹಿಡಿದು ಕೆಳಗಿನ ಫಾರ್ಮಸಿಗೆ ಹೋಗಿ ಔಷಧಿ ತಂದುಕೊಡುವ ಆಸ್ಪತ್ರೆಗಳಲ್ಲಿ ಇದು ಇನ್ನೂ ಮುಖ್ಯ, ಏಕೆಂದರೆ ಅಲ್ಲಿ ಬ್ರ್ಯಾಂಡ್ ದಿನಕ್ಕೊಂದು ಬದಲಾಗುತ್ತದೆ.

ಈಗ ನಿಮ್ಮ ರಾತ್ರಿ ಪಾಳಿಯ ತೊಡಕಿಗೆ ಬರುತ್ತೇನೆ. ಇಬ್ಬರೇ ಇರುವ ಕಡೆ ನಲವತ್ತು ಔಷಧಿಗಳಿಗೆ ಡಬಲ್ ಚೆಕ್ ನಡೆಯುವುದಿಲ್ಲ. ಎಲ್ಲಕ್ಕೂ ಬೇಕೆಂದು ಹಟ ಹಿಡಿದರೆ ಯಾವುದಕ್ಕೂ ನಿಜವಾದದ್ದು ನಡೆಯುವುದಿಲ್ಲ. ಪಂಪಿನಲ್ಲಿ ಹೋಗುವ ಇನ್ಸುಲಿನ್, ರಕ್ತನಾಳಕ್ಕೆ ಹೋಗುವ ಹೆಪಾರಿನ್, ಪೊಟ್ಯಾಸಿಯಂ, ಮಾರ್ಫಿನ್ ಮತ್ತು ಫೆಂಟನಿಲ್, ರಕ್ತದೊತ್ತಡ ಏರಿಸುವ ನಾರ್‌ಅಡ್ರಿನಲಿನ್‌ನಂಥವು, ಮಕ್ಕಳಿಗೆ ತೂಕ ನೋಡಿ ಕೊಡುವ ಡೋಸ್‌ಗಳು, ಇಷ್ಟನ್ನು ಮಾತ್ರ ಆಯ್ದುಕೊಂಡು ಅವುಗಳಲ್ಲಿ ಯಾವುದೇ ರಿಯಾಯಿತಿ ಇಲ್ಲದಂತೆ ನಡೆಸಿ. ಎರಡನೆಯವರು ನಿಮ್ಮ ವಾರ್ಡಿನ ನರ್ಸೇ ಆಗಬೇಕೆಂದಿಲ್ಲ. ಡ್ಯೂಟಿ ಡಾಕ್ಟರ್ ಆಗಬಹುದು, ಪಕ್ಕದ ವಾರ್ಡಿನ ಅಥವಾ ಐಸಿಯುನ ಸಿಸ್ಟರ್ ಆಗಬಹುದು. ಆರ್ಡರ್ ಬರೆದವರನ್ನೇ ಲೆಕ್ಕ ಹಾಕಲು ಕರೆಯುವುದರಲ್ಲಿ ಅವಿಧೇಯತೆ ಏನೂ ಇಲ್ಲ. ತುರ್ತಿಲ್ಲದ ಹೊಸ ಇನ್‌ಫ್ಯೂಷನ್‌ಗಳನ್ನು ಪಾಳಿ ಬದಲಾಗುವ ಹೊತ್ತಿಗೆ, ಎರಡೂ ಪಾಳಿಯವರು ಇರುವಾಗ ಶುರು ಮಾಡುವಂತೆ ವೈದ್ಯರೊಂದಿಗೆ ಮಾತಾಡಿಕೊಳ್ಳಬಹುದು. ಯಾರೂ ಸಿಗದೆ, ಕಾಯಲೂ ಆಗದ ಸ್ಥಿತಿಯಲ್ಲಿ ಒಮ್ಮೆ ಲೆಕ್ಕ ಬರೆದು, ಆ ಹಾಳೆಯನ್ನು ಮಗುಚಿಟ್ಟು, ರೋಗಿಯ ಬಿಪಿ ನೋಡಿ ಬಂದು, ಹೊಸ ಹಾಳೆಯಲ್ಲಿ ಆರ್ಡರ್‌ನಿಂದಲೇ ಮತ್ತೆ ಲೆಕ್ಕ ಹಾಕಿ. ಇದು ಡಬಲ್ ಚೆಕ್‌ಗೆ ಸಮವಲ್ಲ, ಆದರೆ ಏನೂ ಇಲ್ಲದ್ದಕ್ಕಿಂತ ಎಷ್ಟೋ ಮೇಲು. ಚಾರ್ಟಿನಲ್ಲಿ “ಎರಡನೆಯವರು ಲಭ್ಯವಿರಲಿಲ್ಲ, ಒಬ್ಬರೇ ಎರಡು ಬಾರಿ ಪರಿಶೀಲಿಸಿದ್ದು” ಎಂದು ಸಮಯ ಸಮೇತ ಬರೆಯಿರಿ.

ಔಷಧಿ ತಯಾರಿಸುತ್ತಿರುವಾಗ ಯಾರೂ ಮಾತಾಡಿಸದಂತೆ ನೋಡಿಕೊಳ್ಳುವುದು ಸಣ್ಣ ವಿಷಯವಲ್ಲ. ಆಸ್ಟ್ರೇಲಿಯಾದ ಎರಡು ಆಸ್ಪತ್ರೆಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪ್ರತಿಯೊಂದು ಅಡಚಣೆಯೂ ತಪ್ಪಿನ ಸಂಭವವನ್ನು ಸುಮಾರು ಶೇಕಡಾ 12ರಷ್ಟು ಹೆಚ್ಚಿಸಿದ್ದು ಕಂಡುಬಂದಿತ್ತು. ಡ್ರಿಪ್ ಮುಗಿದಿದೆ, ಬಿಲ್ ಎಷ್ಟಾಯಿತು, ಡಾಕ್ಟರ್ ಯಾವಾಗ ಬರುತ್ತಾರೆ ಎಂದು ಕೇಳಲು ಬರುವವರ ಮೇಲೆ ಸಿಡುಕಬೇಕಾಗಿಲ್ಲ. “ಒಂದು ಔಷಧಿ ಲೆಕ್ಕ ಹಾಕ್ತಾ ಇದ್ದೀನಿ, ಎರಡು ನಿಮಿಷ ಕೊಡಿ, ನಾನೇ ಬರ್ತೀನಿ” ಎಂದರೆ ಒಪ್ಪದವರು ವಿರಳ. ಮಧ್ಯದಲ್ಲಿ ಬಿಟ್ಟು ಓಡಬೇಕಾದರೆ ಲೇಬಲ್ ಇಲ್ಲದ ಸಿರಿಂಜನ್ನು ಎಸೆದು, ಬಂದ ಮೇಲೆ ಮೊದಲಿನಿಂದ ಶುರು ಮಾಡಿ.

ರೋಗಿಯನ್ನು ಗುರುತಿಸುವಾಗ, “ನೀವು ಲಕ್ಷ್ಮಮ್ಮ ಅಲ್ವಾ?” ಎಂದು ಕೇಳಬೇಡಿ. ನಿದ್ದೆಗಣ್ಣಿನಲ್ಲಿರುವವರು, ಕಿವಿ ಮಂದವಾದವರು, ಕನ್ನಡ ಬಾರದವರು ಎಲ್ಲದಕ್ಕೂ ತಲೆಯಾಡಿಸುತ್ತಾರೆ. “ನಿಮ್ಮ ಹೆಸರು ಹೇಳಿ” ಎಂದು ಕೇಳಿ, ಕೈಪಟ್ಟಿಯ ಆಸ್ಪತ್ರೆ ಸಂಖ್ಯೆಯನ್ನು ಚಾರ್ಟಿಗೆ ಹೋಲಿಸಿ. ಬೆಡ್ ಸಂಖ್ಯೆ ಗುರುತಲ್ಲ. ಫೋನಿನ ಆರ್ಡರ್‌ಗಳ ವಿಷಯದಲ್ಲಿ, ಹೈ ರಿಸ್ಕ್ ಔಷಧಿಗಳನ್ನು ತುರ್ತು ಹೊರತು ಫೋನಿನಲ್ಲಿ ಒಪ್ಪಿಕೊಳ್ಳುವುದಿಲ್ಲ ಎಂಬ ನಿಯಮವನ್ನು ಆಸ್ಪತ್ರೆಯೇ ಲಿಖಿತವಾಗಿ ಮಾಡಬೇಕು. ತುರ್ತಿದ್ದಾಗ ಕೇಳಿದ್ದನ್ನು ಮೊದಲು ಬರೆದು, ಬರೆದದ್ದನ್ನು ಓದಿ ಹೇಳಿ, ಅವರಿಂದ ಹೌದೆನ್ನಿಸಿಕೊಳ್ಳಿ. ನಮ್ಮ ಆಸ್ಪತ್ರೆಗಳಲ್ಲಿ ಸಂಖ್ಯೆಗಳು ಇಂಗ್ಲಿಷಿನಲ್ಲೇ ಬರುವುದರಿಂದ ಫಿಫ್ಟೀನ್ ಮತ್ತು ಫಿಫ್ಟಿ ಫೋನಿನಲ್ಲಿ ಒಂದೇ ರೀತಿ ಕೇಳಿಸುತ್ತವೆ. “ಒನ್ ಫೈವ್” ಎಂದು ಅಂಕಿ ಬಿಡಿಸಿ ಹೇಳಿ ಖಚಿತಪಡಿಸಿಕೊಳ್ಳಿ.

ಕೊಟ್ಟ ಮೇಲೂ ಕೆಲಸ ಉಳಿದಿರುತ್ತದೆ. ಮಾರ್ಫಿನ್ ಕೊಟ್ಟ ರೋಗಿಯಲ್ಲಿ ಉಸಿರಾಟ ಇಳಿಯುವ ಮುಂಚೆ ಸಾಮಾನ್ಯವಾಗಿ ಮಂಪರು ಹೆಚ್ಚುತ್ತದೆ. ಚೆನ್ನಾಗಿ ನಿದ್ದೆ ಮಾಡುತ್ತಿದ್ದಾರೆ ಎಂದು ಬಿಟ್ಟುಬಿಡದೆ, ಮಾತಾಡಿಸಿದರೆ ಏಳುತ್ತಾರೆಯೇ ಎಂದು ನೋಡಿ. ರೆಗ್ಯುಲರ್ ಇನ್ಸುಲಿನ್ ಕೊಟ್ಟು ಅರ್ಧ ಗಂಟೆಯೊಳಗೆ ತಿಂಡಿ ಬರುವುದು ಖಚಿತವೇ, ಕ್ಯಾಂಟೀನಿನ ಇಡ್ಲಿ ತಡವಾಗುತ್ತದೆಯೇ, ಸ್ಕ್ಯಾನ್‌ಗಾಗಿ ಖಾಲಿ ಹೊಟ್ಟೆಯಲ್ಲಿರಲು ಹೇಳಿದ್ದಾರೆಯೇ ಎಂದು ಚುಚ್ಚುವ ಮುಂಚೆ ಕೇಳಿ. ಮಾರ್ಫಿನ್ ಹೆಚ್ಚಾದರೆ ಬೇಕಾಗುವ ನಲಾಕ್ಸೋನ್, ಹೆಪಾರಿನ್ ಹೆಚ್ಚಾದರೆ ಬೇಕಾಗುವ ಪ್ರೋಟಮಿನ್, ಇನ್ಸುಲಿನ್ ಹೆಚ್ಚಾದರೆ ಬೇಕಾಗುವ 25 ಶೇಕಡಾ ಡೆಕ್ಸ್‌ಟ್ರೋಸ್ ನಿಮ್ಮ ಕಟ್ಟಡದಲ್ಲಿ ಎಲ್ಲಿವೆ ಎಂಬುದು ಪಾಳಿಯ ಮೊದಲ ಹತ್ತು ನಿಮಿಷದಲ್ಲಿ ಗೊತ್ತಿರಬೇಕು. ಹ್ಯಾಂಡ್‌ಓವರ್‌ನಲ್ಲಿ ಇಬ್ಬರೂ ಹಾಸಿಗೆಯ ಬಳಿ ನಿಂತು, ಪಂಪಿನಲ್ಲಿರುವ ಸಂಖ್ಯೆಯಿಂದ ಹಿಡಿದು ಕೊಳವೆ ಕೈಗೆ ಸೇರುವ ಜಾಗದವರೆಗೆ ಬೆರಳಿನಿಂದ ಹಿಡಿದು ನೋಡಬೇಕು.

ಕ್ಯಾನ್ಸರ್ ಔಷಧಿಗಳ ಬಗ್ಗೆ ನೀವು ಕೇಳಿಲ್ಲವಾದರೂ ಎರಡು ಮಾತು. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆ ವಾರಕ್ಕೊಮ್ಮೆಯದು; ಚಾರ್ಟಿನಲ್ಲಿ ದಿನವೂ ಎಂದು ಬಿದ್ದರೆ ಪ್ರಾಣಕ್ಕೇ ಕುತ್ತು, ಆದ್ದರಿಂದ ವಾರದ ಯಾವ ದಿನ ಎಂದು ಬರೆಸಿಕೊಳ್ಳದೆ ಕೊಡಬೇಡಿ. ಇನ್ನು ಕೀಮೋ ಇಂಜೆಕ್ಷನ್‌ಗಳನ್ನು ಸಾಮಾನ್ಯ ವಾರ್ಡಿನ ಮೇಜಿನ ಮೇಲೆ ಬೆರೆಸಲು ಯಾರೇ ಹೇಳಿದರೂ ಒಪ್ಪಬೇಡಿ. ಅದು ಸೇಫ್ಟಿ ಕ್ಯಾಬಿನೆಟ್ಟಿನಲ್ಲಿ, ಜೋಡಿ ಗ್ಲೌಸ್ ಮತ್ತು ಗೌನ್ ಧರಿಸಿದ, ತರಬೇತಿ ಪಡೆದವರು ಮಾಡಬೇಕಾದ ಕೆಲಸ, ಮತ್ತು ಇಲ್ಲಿ ಅಪಾಯ ರೋಗಿಯಷ್ಟೇ ನಿಮಗೂ ಇದೆ.

ಹೊಣೆಯ ಪ್ರಶ್ನೆಗೆ ನೇರ ಉತ್ತರ: ಔಷಧಿಯನ್ನು ಕೈಯಾರೆ ಕೊಟ್ಟವರ ಹೊಣೆ ಇದ್ದೇ ಇದೆ, ಅದನ್ನು ಯಾವ ಪಟ್ಟಿಯೂ ತೆಗೆದುಹಾಕುವುದಿಲ್ಲ. ಆದರೆ ಎರಡು ಶಕ್ತಿಯ ಇನ್ಸುಲಿನ್ ಒಂದೇ ಫ್ರಿಡ್ಜಿನಲ್ಲಿ ಇಡಿಸಿದವರ, ಎರಡನೆಯವರನ್ನು ಕೊಡದೆ ಎರಡನೇ ಸಹಿ ಕೇಳಿದವರ ಹೊಣೆಯೂ ಅಷ್ಟೇ ನಿಜ. ಅದು ಕಾಣಿಸಬೇಕಾದರೆ ದಾಖಲೆ ಪ್ರಾಮಾಣಿಕವಾಗಿರಬೇಕು. ಬೆಳಗಿನ ಸಹಿಯ ಅಭ್ಯಾಸ ವಿಚಾರಣೆಯಲ್ಲಿ ಬಯಲಾದರೆ ನೀವು ಬರೆದ ಉಳಿದ ಸತ್ಯಗಳನ್ನೂ ಯಾರೂ ನಂಬುವುದಿಲ್ಲ. ತಪ್ಪು ನಡೆದುಹೋದರೆ ಮೊದಲು ರೋಗಿ, ಆಮೇಲೆ ಡಾಕ್ಟರ್‌ಗೆ ಕರೆ, ಆಮೇಲೆ ಇನ್ಸಿಡೆಂಟ್ ರಿಪೋರ್ಟ್. ವಯಲ್ ಮತ್ತು ಸಿರಿಂಜ್ ಎಸೆಯದೆ ತೆಗೆದಿಡಿ. ರೋಗಿಗೆ ತಲುಪುವ ಮುಂಚೆಯೇ ಸಿಕ್ಕಿಬಿದ್ದ ತಪ್ಪನ್ನೂ ಬರೆಯಿರಿ. ಔಷಧಿಯಿಂದಾದ ಅಡ್ಡಪರಿಣಾಮವಾದರೆ ಭಾರತೀಯ ಫಾರ್ಮಕೊವಿಜಿಲೆನ್ಸ್ ಕಾರ್ಯಕ್ರಮದ 1800-180-3024 ಉಚಿತ ಸಂಖ್ಯೆಗೆ ನರ್ಸ್‌ಗಳೂ ನೇರವಾಗಿ ತಿಳಿಸಬಹುದು.

ನೀವು ಮತ್ತು ನಿಮ್ಮ ಸಹೋದ್ಯೋಗಿ ಒಂದು ತಿಂಗಳು “ಎರಡನೆಯವರು ಲಭ್ಯವಿರಲಿಲ್ಲ” ಎಂದು ಬರೆದ ನಮೂದುಗಳನ್ನು ಎಣಿಸಿ, ಔಷಧಿಯ ಹೆಸರು ಮತ್ತು ಸಮಯದೊಂದಿಗೆ ಒಂದು ಪುಟಕ್ಕೆ ಇಳಿಸಿ, ನರ್ಸಿಂಗ್ ಸೂಪರಿಂಟೆಂಡೆಂಟ್ ಅವರಿಗೆ ಕೊಡಿ. ಅದರೊಂದಿಗೆ ಮೂರು ಬೇಡಿಕೆಗಳಿರಲಿ: ರಾತ್ರಿ ಡಬಲ್ ಚೆಕ್‌ಗೆ ಯಾರನ್ನು ಕರೆಯಬೇಕೆಂಬ ಲಿಖಿತ ಆದೇಶ, ವಾರ್ಡಿನಿಂದ ಪೊಟ್ಯಾಸಿಯಂ ಆಂಪ್ಯೂಲ್‌ಗಳ ತೆರವು, ಇನ್ಸುಲಿನ್ ಮತ್ತು ಹೆಪಾರಿನ್‌ಗೆ ಇಡೀ ಆಸ್ಪತ್ರೆಯಲ್ಲಿ ಒಂದೊಂದೇ ಶಕ್ತಿಯ ವಯಲ್. ಕೊನೆಯ ಎರಡರ ಖರೀದಿ ಮತ್ತು ದಾಸ್ತಾನು ಫಾರ್ಮಸಿಯ ಕೈಯಲ್ಲಿರುವುದರಿಂದ ಒಂದು ಪ್ರತಿ ನಿಮ್ಮ ಮುಖ್ಯ ಫಾರ್ಮಸಿಸ್ಟ್‌ಗೂ ಹೋಗಲಿ.